ದನಿ ಹೊಂದಿಕೆಯಾಗಲಿಲ್ಲ

ಸಿಟ್ಟು ಬಂದಾಗ ನನ್ನ ಸ್ವಂತ ದನಿ ಹೊರಡುವುದಿಲ್ಲ. ಇದು ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಯಾರಾದರೂ ಕಿಟಕಿಯಿಂದ ಟವೆಲ್ ಎಸೆದು ನನ್ನ ಸೀಟು ಹಿಡಿದರೆ ನನ್ನ ಬಾಯಿಂದ ನಮ್ಮ ಓಣಿಯ ರಿಟಾಯರ್ಡ್ ಹವಾಲ್ದಾರರು ಮಾತಾಡುತ್ತಾರೆ. ಹೋಟೆಲಿನಲ್ಲಿ ಚಹಾ ಆರಿ ಬಂದರೆ ನಮ್ಮೂರು ಸುರೇಬಾನದ ಸಂತೆಯಲ್ಲಿ ಬದನೆಕಾಯಿ ಮಾರುವ ಗಂಗವ್ವ ಎದ್ದು ಸೊಂಟದ ಮೇಲೆ ಕೈಯಿಡುತ್ತಾಳೆ. ನಾನು ಒಳಗೆಲ್ಲೋ ಕೂತು ತಮಾಷೆ ನೋಡುತ್ತಿರುತ್ತೇನೆ. ಊರಿನಲ್ಲಿ ನನ್ನನ್ನು ಕಂಡರೆ ಜನ ಮಾತು ನಿಲ್ಲಿಸುತ್ತಾರೆ. ಗೌರವದಿಂದಲ್ಲ, ಬಾಯಿ ಬಿಟ್ಟರೆ ಈ ಪುಣ್ಯಾತ್ಮ ಕದ್ದೊಯ್ಯುತ್ತಾನೆ ಎಂಬ ಅಂಜಿಕೆಯಿಂದ.

ಹಾಗೆ ನೋಡಿದರೆ ನನ್ನ ಸ್ವಂತ ದನಿಯಾದರೂ ಎಂಥದ್ದು? ಪಂಕ್ಚರ್ ಆದ ಸೈಕಲ್ ಟ್ಯೂಬಿನಿಂದ ಗಾಳಿ ಹೊರಡುವಂಥದ್ದು. ನನಗೆ ಇಪ್ಪತ್ನಾಲ್ಕು ವರ್ಷ, ನನ್ನ ದನಿಗೆ ಇನ್ನೂ ಹನ್ನೆರಡು. ಅದನ್ನು ಹಿಡಿದುಕೊಂಡು ಯಾರ ಮೇಲೆ ಸಿಟ್ಟು ಮಾಡುವುದು?

ಈ ಪೀಠಿಕೆ ಏಕೆಂದರೆ, ಒಂದು ಕಂಪ್ಯೂಟರ್ ಕಂಪನಿಯೊಡನೆ ನನಗಾದ ಜಗಳವನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಯಾರದು ತಪ್ಪು ಎಂದು ನೀವೇ ಹೇಳಿ. ನಾನಂತೂ ಮೊದಲೇ ತೀರ್ಪು ಬರೆದಿಟ್ಟಿದ್ದೇನೆ: ಕಂಪನಿಯದು. ನನ್ನದೂ ಒಂದು ತಪ್ಪು ನಡುವೆ ಬರುತ್ತದೆ. ಅದನ್ನು ಸಣ್ಣ ಅಕ್ಷರದಲ್ಲಿದೆ ಎಂದು ತಿಳಿದು ಓದಿಕೊಳ್ಳಿ. ಕಂಪನಿಯವರೂ ತಮ್ಮ ತಪ್ಪುಗಳನ್ನು ಹಾಗೆಯೇ ಅಚ್ಚು ಹಾಕಿಸುತ್ತಾರೆ.

ನಾನು ಮದುವೆ ವಿಡಿಯೋ ಜೋಡಿಸುವವನು. ರಾಮದುರ್ಗ, ಸವದತ್ತಿಯ ಸ್ಟುಡಿಯೋದವರು ಮದುವೆಮನೆಯಲ್ಲಿ ಹಿಡಿದದ್ದನ್ನೆಲ್ಲ ತಂದು ನನ್ನ ಮುಂದೆ ಸುರುವುತ್ತಾರೆ. ಅಕ್ಷತೆ ಬೀಳುವುದನ್ನು ನಿಧಾನ ಮಾಡುವುದು, ಬಾಯಿ ತುಂಬ ಬುಂದಿ ತುಂಬಿಕೊಂಡು ಕ್ಯಾಮೆರಾ ನೋಡಿದ ಬೀಗರನ್ನು ಮಾನ ಉಳಿಸಿ ತೆಗೆದುಹಾಕುವುದು, ಮೂರು ತಾಸಿನಲ್ಲಿ ಮದುಮಗಳು ಒಮ್ಮೆ ನಕ್ಕಿದ್ದರೆ ಹುಡುಕಿ ಅದನ್ನೇ ನಾಲ್ಕು ಕಡೆ ತೋರಿಸುವುದು, ಇದು ನನ್ನ ಉದ್ಯೋಗ. ಇದಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಪರದೆಯ ಮೇಲಿನ ಚಿತ್ರವನ್ನೆಲ್ಲ ಬಿಡಿಸಿ ಕೊಡುವ, ಎರಡು ಪುಟ್ಟ ಫ್ಯಾನು ಹೊತ್ತ, ಇಟ್ಟಿಗೆಯಂಥ ಒಂದು ವಸ್ತು. ಅದಿಲ್ಲದೆ ವಿಡಿಯೋ ಜೋಡಿಸಲು ಕೂತರೆ ಮದುಮಗ ಒಂದು ಹೆಜ್ಜೆ ಇಡುವಷ್ಟರಲ್ಲಿ ನಾನು ಊಟ ಮಾಡಿ ಬರಬಹುದು.

ಇದನ್ನು ಕೊಡಿಸಿದವರು ಅಪ್ಪ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ನಾನು ವಿಷಯ ತೆಗೆದಾಗ ಕನ್ನಡಕ ಕೆಳಗಿಳಿಸಿ ಒಂದೇ ಪ್ರಶ್ನೆ ಕೇಳಿದರು.

"ಇದರಾಗ ನಿನ್ನ ಅನ್ನ ಐತೇನೋ ತಮ್ಮಾ?"

"ಐತ್ರಿ ಅಪ್ಪಾ."

"ಹಂಗಾರ ನಡಿ."

ನನ್ನ ಇಡೀ ಆಯುಷ್ಯದಲ್ಲಿ ಅಪ್ಪ ಮರುಪ್ರಶ್ನೆ ಹಾಕದೆ ಒಪ್ಪಿಕೊಂಡ ಉತ್ತರ ಅದೊಂದೇ. ಅದಕ್ಕೇ ಆ ಕಾರ್ಡು ನನಗೆ ಬರಿಯ ಕಾರ್ಡಾಗಿರಲಿಲ್ಲ. ಅದು ಕೆಟ್ಟರೆ ನನ್ನ ಉತ್ತರ ಕೆಟ್ಟಂತೆ.

ರಾಮದುರ್ಗದಲ್ಲಿ ಮಲ್ಲಣ್ಣನ ಅಂಗಡಿಯಲ್ಲಿ ತೆಗೆದುಕೊಂಡೆವು. ಮಲ್ಲಣ್ಣ ಪಾವತಿ ಪುಸ್ತಕ ತೆಗೆದು ಪೆನ್ನು ಜಾಡಿಸಿದ.

"ಹುಡುಗನ ಹೆಸರಿಗಿ ಹರೀಪಾ, ಅವನ ಸಾಮಾನದು" ಎಂದರು ಅಪ್ಪ.

"ಏ ಬಿಡ್ರಿ ಮಾಸ್ತರ. ಹಿರ್ಯಾರು ಎದುರಿಗಿ ನಿಂತಾಗ ಸಣ್ಣವರ ಹೆಸರಿಗಿ ಪಾವತಿ ಹರ್ಯೂದ? ಚಂದ ಕಾಣಂಗಿಲ್ಲ."

ಎನ್ನುತ್ತ ಆಗಲೇ ಅಪ್ಪನ ಹೆಸರು ಬರೆದು ಮುಗಿಸಿದ್ದ: ಶ್ರೀ ಗುರುಸಿದ್ದಪ್ಪ ಮಾಸ್ತರ, ಸುರೇಬಾನ. ನಮ್ಮ ಕಡೆ ಪದ್ಧತಿಯೇ ಹಾಗೆ. ಮಿಕ್ಸರ್ ತಿರುಗಿಸುವವಳು ಅವ್ವ, ಪಾವತಿ ಅಪ್ಪನ ಹೆಸರಿಗೆ. ಟ್ರ್ಯಾಕ್ಟರ್ ಹೊಡೆಯುವವನು ಮೊಮ್ಮಗ, ಕಾಗದದ ಮೇಲೆ ಮಾತ್ರ ಕಣ್ಣು ಕಾಣದ ಮುತ್ಯಾ ಕೂತಿರುತ್ತಾನೆ. ನನ್ನ ಅಂಗಿಯ ಅಳತೆಯನ್ನು ನಮ್ಮ ದರ್ಜಿ ಇವತ್ತಿಗೂ 'ಮಾಸ್ತರ ಮಗ' ಎಂದೇ ಬರೆದುಕೊಳ್ಳುತ್ತಾನೆ. ಇದರಲ್ಲಿ ಒಂದು ಸುಖವೂ ಇದೆ: ಮನೆಯಲ್ಲಿ ಹಿರಿಯರಿರುವ ತನಕ ಊರಿನ ಯಾವ ಪುಸ್ತಕದಲ್ಲಿಯೂ ನಾವು ಸಿಕ್ಕಿಬೀಳುವುದಿಲ್ಲ. ಆದರೆ ಕಂಪ್ಯೂಟರ್ ಕಂಪನಿಗೆ ನಮ್ಮ ಪದ್ಧತಿ ಗೊತ್ತಿರಬೇಕಲ್ಲ!

ಮೂರು ವರ್ಷದ ವಾರಂಟಿ ಎಂದು ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ ಬರೆದಿತ್ತು. ಏಳು ತಿಂಗಳಿಗೆ ಕಾರ್ಡು ಕೈಕೊಟ್ಟಿತು. ಹೂಲಿಯವರದೊಂದು ಮದುವೆ ಅರ್ಧ ಜೋಡಿಸಿದ್ದೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಪರದೆಯ ತುಂಬ ಇಳಕಲ್ ಸೀರೆಯ ದಡಿಯಂತೆ ಬಣ್ಣಬಣ್ಣದ ಗೆರೆ ಎದ್ದವು. ಆಮೇಲೆ ಮದುಮಗನ ಮುಖದ ಮೇಲೆ ಹಸಿರು ಚೌಕಗಳು. ಆಮೇಲೆ ಕತ್ತಲೆ. ಅದೇ ಹೂಲಿಯಲ್ಲಿ ಚಾಲುಕ್ಯರ ಕಾಲದ ಗುಡಿಗಳಿವೆ. ಕಟ್ಟಿದ ಶಿಲ್ಪಿ ವಾರಂಟಿ ಕಾರ್ಡು ಬರೆದುಕೊಟ್ಟಿದ್ದನೆಂದು ಯಾವ ಶಾಸನದಲ್ಲಿಯೂ ಇಲ್ಲ. ಅವು ಇನ್ನೂ ನಿಂತಿವೆ. ಬರೆದುಕೊಟ್ಟವರದು ನೋಡಿದಿರಲ್ಲ, ಒಂದು ಮದುವೆ ಪೂರ್ತಿ ಮಾಡಿಕೊಡಲಿಲ್ಲ! ಮದುಮಗಳ ತಂದೆ ದಿನಾ ಫೋನು ಹಚ್ಚಿ, "ನಮ್ಮ ಹುಡುಗಿಗಿ ತಾಳಿ ಕಟ್ಟಿದ್ರೇನೋ ಇನ್ನೂ ಇಲ್ಲೋ?" ಎಂದು ಕೇಳತೊಡಗಿದರು.

ಕಂಪನಿಗೆ ಫೋನು ಮಾಡಿದೆ. ಮೊದಲು ಯಂತ್ರ ಎತ್ತಿಕೊಂಡಿತು. ಹೆಣ್ಣುದನಿ, ಕನ್ನಡವೇ, ಆದರೆ ಎಂದೂ ಹಸಿವಾಗದವರ, ಎಂದೂ ಬಿಸಿಲು ನೋಡದವರ ಕನ್ನಡ. "ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು" ಎಂದಿತು. ಅಮೂಲ್ಯವಾದ ಒಡವೆಯನ್ನು ಜನ ಟ್ರಂಕಿನ ತಳದಲ್ಲಿಟ್ಟು ಮರೆತುಬಿಡುತ್ತಾರಲ್ಲ, ಹಾಗೆ ನನ್ನ ಕರೆಯನ್ನು ಇಪ್ಪತ್ತು ನಿಮಿಷ ಇಟ್ಟರು. ಆಮೇಲೆ ಒಬ್ಬ ಹುಡುಗ ಬಂದ. ಕೇಬಲ್ ಸರಿಯಾಗಿ ಹಾಕಿದ್ದೀರಾ ಎಂದ. ಹಾಕಿದ್ದೇನೆ. ಆಫ್ ಮಾಡಿ ಆನ್ ಮಾಡಿದ್ದೀರಾ ಎಂದ. ಮಾಡಿದ್ದೇನೆ. ಇನ್ನೊಮ್ಮೆ ಮಾಡಿ ನೋಡುತ್ತೀರಾ ಎಂದ. ಡಾಕ್ಟರ ಹತ್ತಿರ ಹೆಣ ಒಯ್ದರೆ, ಇನ್ನೊಮ್ಮೆ ಎಬ್ಬಿಸಿ ನೋಡ್ರಿ ಎಂದ ಹಾಗೆ! ಇದನ್ನೆಲ್ಲ ಸಹಿಸಿಕೊಂಡೆ. ಕೊನೆಗೆ ಒಂದು ಮಾತು ಹೇಳಿದ ನೋಡಿ, ಅದನ್ನು ಮಾತ್ರ ನಾನು ಕ್ಷಮಿಸಿಲ್ಲ.

"ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಫೋನ್ ಕೊಡು ಪುಟ್ಟ."

ಪುಟ್ಟ! ಗಡ್ಡ ಬಿಟ್ಟವನಿಗೆ! ನನ್ನ ಸೈಕಲ್ ಟ್ಯೂಬಿನ ದನಿಗೆ ಸಿಕ್ಕ ಮರ್ಯಾದೆ ಇದು. ಜೊತೆಗೆ, ಬಿಲ್ಲು ಗುರುಸಿದ್ದಪ್ಪ ಎಂಬುವರ ಹೆಸರಿನಲ್ಲಿದೆ, ಅವರೇ ಮಾತಾಡಬೇಕು, ಬೇರೆಯವರ ಮಾತು ನಡೆಯುವುದಿಲ್ಲ ಎಂದ. ಅಪ್ಪ ಆಗ ಹೊಲಕ್ಕೆ ಹೋಗಿದ್ದರು. ಒಂದು ತಾಸು ತಡೆದಿದ್ದರೆ ಬರುತ್ತಿದ್ದರು. ಆದರೆ ನನಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದಾಗ ಏನಾಗುತ್ತದೆಂದು ಮೊದಲೇ ಹೇಳಿದ್ದೇನೆ. ಫೋನಿಟ್ಟು, ಐದು ನಿಮಿಷ ಬಿಟ್ಟು, ಮತ್ತೆ ಹಚ್ಚಿದೆ. ಗಂಟಲು ಕ್ಯಾಕರಿಸಿದೆ. ಅಪ್ಪ ಬಂದುಬಿಟ್ಟರು.

ಸಣ್ಣ ಅಕ್ಷರದ್ದು ಇಲ್ಲಿಂದ ಶುರು.

ಅಪ್ಪನ ದನಿ ಮಾಡುವುದು ನನಗೆ ಬಹಳ ಸುಲಭ. ಹೊಟ್ಟೆಯಿಂದ ಎತ್ತಬೇಕು, ಎದೆಯಲ್ಲಿ ಒಂದು ಸುತ್ತು ಹಾಕಿಸಬೇಕು, ಪ್ರತಿ ಮಾತಿನ ಕೊನೆಗೆ ಮೇಜಿನ ಮೇಲೆ ಛಡಿ ಬಿದ್ದಂತೆ ನಿಲ್ಲಿಸಬೇಕು. ಇಡೀ ಊರನ್ನು ಅಣಕಿಸಿದ್ದರೂ ಅಪ್ಪನನ್ನು ಅವರ ಕಿವಿಗೆ ಬೀಳುವಂತೆ ಎಂದೂ ಅಣಕಿಸಿರಲಿಲ್ಲ. ಅಷ್ಟು ಬುದ್ಧಿ ನನಗೂ ಇದೆ. ಆ ದನಿ ಕೇಳಿದ್ದೇ ತಡ, ಅದೇ ಹುಡುಗ, ಪುಟ್ಟ ಎಂದವನು, "ಹೇಳಿ ಸರ್, ಖಂಡಿತ ಸರ್, ಈಗಲೇ ಸರ್" ಎನ್ನತೊಡಗಿದ. ದೂರು ಬರೆದುಕೊಂಡ. ಆಮೇಲೆ ಯಂತ್ರಕ್ಕೆ ಕೊಟ್ಟ. ಯಂತ್ರ ಹೇಳಿತು: "ನಿಮ್ಮ ಸುರಕ್ಷತೆಗಾಗಿ ನಿಮ್ಮ ದನಿಯನ್ನು ನೋಂದಾಯಿಸಿಕೊಳ್ಳುತ್ತೇವೆ. ಮುಂದೆ ಈ ದನಿಯ ಮೂಲಕವೇ ನಿಮ್ಮನ್ನು ಗುರುತಿಸಲಾಗುತ್ತದೆ. ದಯವಿಟ್ಟು ಮೂರು ಬಾರಿ ಹೇಳಿ: ನನ್ನ ದನಿಯೇ ನನ್ನ ಗುರುತು."

ಹೇಳಿದೆ. ಮೂರು ಸಲ. ಅಪ್ಪನ ದನಿಯಲ್ಲಿ, ಹೊಟ್ಟೆಯಿಂದ, ಛಡಿ ಸಮೇತ. ಯಂತ್ರ ಧನ್ಯವಾದ ಹೇಳಿತು. ಮನುಷ್ಯರು ಚಪ್ಪಾಳೆ ತಟ್ಟಿದ್ದು ಇದೆ, ಯಂತ್ರ ನಂಬಿದ್ದು ಅದೇ ಮೊದಲು. ನಾನು ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ನಮ್ಮ ಕಡೆ ಹಗಲುವೇಷದವರು ಬರುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಒಂದು ದಿನ ಫೌಜುದಾರನಾಗಿ ಬಂದು ಊರನ್ನೆಲ್ಲ ಗದರಿಸಿ ಹೋಗುವುದು, ಮರುದಿನ ಮೊಸರು ಮಾರುವವಳಾಗಿ ಬಂದು ಗಂಡಸರ ಮರ್ಯಾದೆ ತೆಗೆಯುವುದು. ಆದರೆ ಅವರಲ್ಲಿ ಒಂದು ಕಟ್ಟಳೆಯಿತ್ತಂತೆ. ಕೊನೆಯ ದಿನ ಬಣ್ಣ ತೊಳೆದುಕೊಂಡು, ತಮ್ಮದೇ ಮುಖದಲ್ಲಿ ಮನೆಮನೆಗೆ ಬಂದು, ಅವತ್ತು ಬಂದವನು ನಾನೇ ಎಂದು ಹೇಳಿ ಕಾಳು ಇಸಿದುಕೊಂಡು ಹೋಗುತ್ತಿದ್ದರು. ಎಂಥ ಪ್ರಾಮಾಣಿಕ ಜನ! ನಾನೂ ಆ ಕುಲದವನೇ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಕೊನೆಯ ದಿನದ ಕೆಲಸವೊಂದನ್ನು ಮಾತ್ರ ಬಿಟ್ಟಿದ್ದೆ, ಅಷ್ಟೇ.

ಕಾರ್ಡನ್ನು ಬೈಲಹೊಂಗಲದ ಅವರ ಕೇಂದ್ರಕ್ಕೆ ಮುಟ್ಟಿಸಬೇಕೆಂದರು. ಮೂಲ ಡಬ್ಬಿಯಲ್ಲಿಯೇ ತರಬೇಕೆಂದರು. ಏಳು ತಿಂಗಳಾದ ಮೇಲೆ ನಮ್ಮಂಥ ಮನೆಯಲ್ಲಿ ಮೂಲ ಡಬ್ಬಿ ಖಾಲಿ ಇರುತ್ತದೆ ಎಂದು ನಂಬಿದವರಿಗೆ ಏನು ಹೇಳುವುದು? ಅಂಥ ಗಟ್ಟಿ ಡಬ್ಬಿಯನ್ನು ಅವ್ವ ಸುಮ್ಮನೆ ಬಿಟ್ಟಾಳೆಯೇ? ಅದರಲ್ಲಿ ಹಪ್ಪಳ ತುಂಬಿ ಅಟ್ಟದ ಮೇಲಿಟ್ಟಿದ್ದಳು. ಹಪ್ಪಳ ಸುರಿದು, ಒರೆಸಿ, ಕಾರ್ಡು ಇಟ್ಟು, ತೊಡೆಯ ಮೇಲೆ ಕೂಸಿನಂತೆ ಹೊತ್ತುಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಕೇಂದ್ರವೆಂದರೆ ಒಂದು ಕೋಣೆ, ಒಂದು ಮೇಜು, ಒಬ್ಬ ಮನುಷ್ಯ. ಆತ ಡಬ್ಬಿ ತೆರೆದು ಮೂಗು ಹತ್ತಿರ ಒಯ್ದ.

"ಏನ್ರೀ ಇದು, ಜೀರಗಿ ವಾಸನಿ ಹೊಡ್ಯಾಕಹತ್ತೇತಿ? ಇದಕ್ಕೇನರ ಒಗ್ಗರಣಿ ಹಾಕೀರೇನು?"

ಒಗ್ಗರಣೆ ಹಾಕಿದ್ದರೆ ಅದಕ್ಕಾದರೂ ಬರುತ್ತಿತ್ತು, ಈಗ ಯಾತಕ್ಕೂ ಬರುವುದಿಲ್ಲ ಎಂದೆ. ನಗಲಿಲ್ಲ. ಚೀಟಿ ಕೊಟ್ಟ. ವಾಪಸು ಬರುವಾಗ ಖಾಲಿ ತೊಡೆಯ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಮೊಬೈಲಿಗೆ ಸಂದೇಶ ಬಂತು. ಕಾರ್ಡು ಕೆಟ್ಟದ್ದು ನಿಜವೆಂದು ಕಂಡುಬಂದಿದೆಯಂತೆ. (ನಮ್ಮ ಮಾತು ನಿಜವೆಂದು ಕಂಡುಹಿಡಿಯಲು ಇಪ್ಪತ್ತು ದಿನ!) ಹೊಸದನ್ನು ಕಳಿಸಲು ಖರೀದಿದಾರರು ಸ್ವತಃ ಫೋನು ಮಾಡಿ ಒಪ್ಪಿಗೆ ಕೊಡಬೇಕಂತೆ. ಕೊಡದಿದ್ದರೆ ದೂರು ಮುಗಿಯಿತೆಂದು ಹಳೆಯ ಕಾರ್ಡನ್ನೇ ವಾಪಸು ಕಳಿಸುತ್ತಾರಂತೆ. ಅಂದರೆ ಏನು? ನಿಮ್ಮ ಎಮ್ಮೆ ಸತ್ತದ್ದು ಹೌದು, ಸಹಿ ಮಾಡದಿದ್ದರೆ ಹೆಣ ಮನೆಗೆ ತಂದು ಕಟ್ಟುತ್ತೇವೆ ಎಂದ ಹಾಗೆ.

ಸಂದೇಶ ಬಂದಾಗ ಅಪ್ಪ ಪಕ್ಕದಲ್ಲಿಯೇ ಕೂತು ಶೇಂಗಾ ಸುಲಿಯುತ್ತಿದ್ದರು. "ನನ್ನ ಹೆಸರಿಗಿ ಐತೆಲ್ಲೋ, ತಾ ಇಲ್ಲಿ" ಎಂದು ಫೋನು ತೆಗೆದುಕೊಂಡರು. ನಾನು, "ಇರಲಿ ಬಿಡ್ರಿ ಅಪ್ಪಾ, ನಾ ಮಾತಾಡ್ತೇನಿ" ಎಂದು ಮೂರು ಸಲ ಅಂದೆ. ಸ್ವತಃ ಎಂದು ಬರೆದಿದ್ದಾರೆ, ಸ್ವತಃ ಎಂದರೆ ಸ್ವತಃ ಎಂದರು. ಅವರು ಕಲಿಸಿದ ವ್ಯಾಕರಣ ಹಾಗಿದೆ.

ಯಂತ್ರ ಕೇಳಿತು. ಅಪ್ಪ ಹೇಳಿದರು: "ನನ್ನ ದನಿಯೇ ನನ್ನ ಗುರುತು ರೀ."

"ಕ್ಷಮಿಸಿ. ದನಿ ಹೊಂದಿಕೆಯಾಗಲಿಲ್ಲ."

ಇನ್ನೊಮ್ಮೆ ಹೇಳಿದರು. ಹೊಂದಿಕೆಯಾಗಲಿಲ್ಲ. "ಇನ್ನು ಒಂದು ಅವಕಾಶ ಮಾತ್ರ ಉಳಿದಿದೆ. ಆನಂತರ ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗುತ್ತದೆ" ಎಂದು ಯಂತ್ರ ಫೋನಿಟ್ಟಿತು.

ಅಪ್ಪ ಫೋನನ್ನು ಉಲ್ಟಾ ಮಾಡಿ ನೋಡಿದರು. "ಹೊಂದಿಕಿ ಆಗಲಿಲ್ಲ ಅಂದ್ರ, ಯಾವುದರ ಜೋಡಿ ಹೊಂದಿಸಿ ನೋಡಿದ್ರು? ನನ್ನ ದನಿ ಅವರ ಹತ್ರ ಹೆಂಗ ಬಂತು?"

ಮಾಸ್ತರ ಮಗನಾಗಿ ಹುಟ್ಟುವುದರ ಕಷ್ಟ ಇದು. ಬೇರೆ ಯಾರ ಅಪ್ಪನಾದರೂ ಕಂಪನಿಗೆ ಬೈದು ಸುಮ್ಮನಾಗುತ್ತಿದ್ದ. ಇವರು ಲೆಕ್ಕದ ತಪ್ಪು ಎಲ್ಲಿದೆಯೋ ಅಲ್ಲಿಗೇ ಬೆರಳಿಟ್ಟರು. ಹೇಳಿಬಿಟ್ಟೆ. ನನ್ನ ಸ್ವಂತ ದನಿಯಲ್ಲಿ, ಗಾಳಿ ಹೊರಟುಹೋದ ಮೇಲೆ ಟ್ಯೂಬು ಹೇಗಿರುತ್ತದೋ ಹಾಗೆ.

ಅಪ್ಪ ಸಿಟ್ಟಾಗಲಿಲ್ಲ. ಶೇಂಗಾದ ಸಿಪ್ಪೆ ಕೊಡವಿಕೊಂಡರು. "ಮಾಡಿ ತೋರ್ಸು" ಎಂದರು.

"ಏನ್ರಿ?"

"ನನ್ನ. ಅವರಿಗಿ ತೋರ್ಸೀಯಲ್ಲ, ನನಗೂ ತೋರ್ಸು."

ಸಂತೆಯ ನಡುವೆ ನಿಂತು ಇಡೀ ಪಂಚಾಯಿತಿಯನ್ನು ಅಣಕಿಸಿದವನು ನಾನು. ಅವತ್ತು ಅಪ್ಪನ ಮುಖ ನೋಡಲಾರದೆ ಕಣ್ಣು ಮುಚ್ಚಿ, ಕ್ಯಾಕರಿಸಿ, ಹೊಟ್ಟೆಯಿಂದ ಎತ್ತಿದೆ: "ನನ್ನ ದನಿಯೇ ನನ್ನ ಗುರುತು!" ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಯಾರಿಗಿ ಬಯ್ಯಾಕಹತ್ತೀರಿ?" ಎನ್ನುತ್ತ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು, ನನ್ನ ಬಾಯಿ ತೆರೆದದ್ದು ನೋಡಿ ಗೊಳ್ಳೆಂದು ನಕ್ಕಳು.

"ಹುಬೇಹೂಬ್ ಐತ್ರಿ! ಹುಬೇಹೂಬ್ ನೀವ!"

ಅಪ್ಪ ನಗಲಿಲ್ಲ. "ಇದು ನಾ ಅಲ್ಲ" ಎಂದರು. ಇನ್ನೊಂದು ಶೇಂಗಾ ಸುಲಿದು, "ಇದು ನಾನ. ಆದ್ರ ಸಾಲ್ಯಾಗ ಇದ್ದಾಗಿಂದು. ಇಷ್ಟ ಜೋರ ಈಗ ನಾ ಎಲ್ಲಿ ಮಾತಾಡ್ತೇನಿ?" ಎಂದರು.

ನನ್ನ ಕಸುಬಿನ ಮೇಲೆ ನನಗಿದ್ದ ಹಮ್ಮು ಅಲ್ಲಿಗೆ ಇಳಿಯಿತು. ಹೌದಲ್ಲ! ಶಾಲೆ ಬಿಟ್ಟ ಮೇಲೆ ಅಪ್ಪನ ದನಿ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ನಲವತ್ತು ಹುಡುಗರ ಗದ್ದಲದ ಮೇಲೆ ಹಾಯಬೇಕಾದ ದನಿಗೆ ಈಗ ಶೇಂಗಾ ಬುಟ್ಟಿ ದಾಟಿದರೆ ಸಾಕು. ಅದೇ ಮನೆಯಲ್ಲಿದ್ದು, ಅದೇ ಪಂಕ್ತಿಯಲ್ಲಿ ಉಂಡು, ಊರವರ ಕೆಮ್ಮು ಸೀನುಗಳನ್ನೆಲ್ಲ ಗುರುತು ಹಾಕಿಟ್ಟುಕೊಂಡವನು ಅಪ್ಪನದನ್ನು ಮಾತ್ರ ಹತ್ತು ವರ್ಷದಿಂದ ಕೇಳಿಯೇ ಇರಲಿಲ್ಲ. ನಾನು ಕಂಪನಿಗೆ ಬರೆದುಕೊಟ್ಟದ್ದು ನಾನು ಅಂಜುತ್ತಿದ್ದ ಅಪ್ಪನನ್ನು. ಕಂಪನಿ ಅವರನ್ನೇ ತಿಜೋರಿಯಲ್ಲಿಟ್ಟು, ಮನೆಯಲ್ಲಿ ಕೂತು ಶೇಂಗಾ ಸುಲಿಯುವವರನ್ನು ನೀನು ಯಾರೆಂದು ಕೇಳುತ್ತಿತ್ತು.

"ನಾನ ಮಾತಾಡಿಬಿಡ್ತೇನ್ರಿ ಅಪ್ಪಾ, ಒಂದ ನಿಮಿಷದ ಕೆಲಸ" ಎಂದೆ.

"ಬ್ಯಾಡ. ಹೆಸರು ನಂದು. ಹಾಜರಿ ನಾನ ಹೇಳಬೇಕು. ಕಲಿಸು."

ಹೀಗೆ, ಅಪ್ಪನಿಗೆ ಅಪ್ಪನಾಗುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಟ್ಟೆಯಿಂದ ಎತ್ತಬೇಕ್ರಿ ಎಂದೆ. ಎತ್ತಿದರು, ಎದೆಯಲ್ಲಿ ಕೆಮ್ಮಾಯಿತು. ಕೊನೆಗೆ ಛಡಿ ಬೀಳಬೇಕ್ರಿ ಎಂದೆ. ಮೊಳಕಾಲ ಮೇಲೆ ಕೈ ಬಡಿದುಕೊಂಡರು, ದನಿ ಮೆತ್ತಗೇ ಉಳಿಯಿತು. ಅವ್ವ ಬಾಗಿಲಲ್ಲಿ ನಿಂತು, "ಇಲ್ರಿ, ಅಂವಂದ ಚಲೋ ಆಗತೈತಿ" ಎಂದು ಇಬ್ಬರಿಗೂ ಮಾರ್ಕು ಕೊಡುತ್ತಿದ್ದಳು. ಅರ್ಧ ತಾಸಿಗೆ ಅಪ್ಪ, "ಇರಲಿ, ಆದಷ್ಟಾತು, ಹಚ್ಚು" ಎಂದರು.

ಯಂತ್ರ ಈ ಸಲ ಮೊದಲು ಬೇರೆ ಪ್ರಶ್ನೆ ತೆಗೆಯಿತು. ನೀವು ಖರೀದಿದಾರರೇ? ಹೌದು ಅಥವಾ ಇಲ್ಲ ಎಂದು ಹೇಳಿ.

"ಹೌದ್ರಿ."

"ಕ್ಷಮಿಸಿ, ಅರ್ಥವಾಗಲಿಲ್ಲ. ಹೌದು ಅಥವಾ ಇಲ್ಲ ಎಂದು ಹೇಳಿ."

"ಹೌದ್ರಿ ಅಂದ್ನೆಲ್ರಿ."

"ಕ್ಷಮಿಸಿ, ಅರ್ಥವಾಗಲಿಲ್ಲ."

"'ರಿ' ಬಿಡ್ರಿ ಅಪ್ಪಾ" ಎಂದು ಪಿಸುಗುಟ್ಟಿದೆ. ಹೆಣ್ಣುಮಗಳ ಜೊತೆ 'ರಿ' ಬಿಟ್ಟು ಹೆಂಗ ಮಾತಾಡ್ಲೋ ಎಂದು ನನ್ನನ್ನೇ ಗದರಿಸಿದರು. ಅದು ಹೆಣ್ಣುಮಗಳಲ್ಲ, ಯಂತ್ರ ಎಂದು ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಯಂತ್ರ ಮೂರನೆಯ ಸಲ ಕ್ಷಮೆ ಕೇಳಿ, ಮೊದಲಿನಷ್ಟೇ ಸಮಾಧಾನದಿಂದ ಹೇಳಿತು: "ಕರೆ ಮಾಡಿದವರು ಖರೀದಿದಾರರಲ್ಲ ಎಂದು ತೋರುತ್ತದೆ. ದಯವಿಟ್ಟು ಶ್ರೀ ಗುರುಸಿದ್ದಪ್ಪ ಅವರನ್ನು ಕರೆಯಿರಿ. ಅಥವಾ ಕೊನೆಯ ಬಾರಿಗೆ ಪ್ರಯತ್ನಿಸಿ."

ಮೂವತ್ತು ವರ್ಷ ದಿನಾ ಮುಂಜಾನೆ ಪಟ್ಟಿ ಹಿಡಿದು ಊರ ಹುಡುಗರ ಹೆಸರನ್ನೆಲ್ಲ ಕರೆದ ಮನುಷ್ಯನಿಗೆ, ನಿನ್ನ ಹೆಸರಿನವನನ್ನು ಹೋಗಿ ಕರೆದುಕೊಂಡು ಬಾ ಎಂದರೆ! ಅಪ್ಪನ ಕುತ್ತಿಗೆಯ ನರ ಏಳುವುದನ್ನು ನಾನು ನೋಡಿದೆ. ಆ ನರ ನನಗೆ ಚೆನ್ನಾಗಿ ಗೊತ್ತು. ಮಗ್ಗಿ ತಪ್ಪಿದಾಗ ಏಳುತ್ತಿದ್ದದ್ದು ಅದೇ. ನಾನು ಗೊತ್ತಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದೆ.

"ನನ್ನ ದನಿಯೇ! ನನ್ನ! ಗುರುತು!"

ಅಂಗಳದ ಕಾಗೆ ಹಾರಿತು. ಎದುರುಮನೆಯ ಈರಣ್ಣ, ಅಪ್ಪನ ಹಳೆಯ ವಿದ್ಯಾರ್ಥಿ, ಕಟ್ಟೆಯ ಮೇಲೆ ಅಡ್ಡಾಗಿದ್ದವನು ಎದ್ದು ನಿಂತನೆಂದು ಆಮೇಲೆ ತಿಳಿಯಿತು.

"ಧನ್ಯವಾದಗಳು. ನಿಮ್ಮ ಗುರುತು ದೃಢಪಟ್ಟಿದೆ."

ಯಂತ್ರ ಹೋಗಿ ಒಬ್ಬ ಹುಡುಗಿ ಬಂದಳು, ಈ ಸಲ ನಿಜವಾದವಳು. ಪಾಪ, ಅವಳಿಗೇನು ಗೊತ್ತು? ನಮಸ್ಕಾರ ಸರ್, ಹೇಗಿದ್ದೀರಿ ಎಂದಳು. ನರ ಇನ್ನೂ ಇಳಿದಿರಲಿಲ್ಲ. ಅಪ್ಪ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಒಬ್ಬ ಮನುಷ್ಯನಿಗೆ ಅವನ ಹೆಸರನ್ನು ಎಷ್ಟು ಸಲ ಕೇಳಬೇಕು, ಹೌದ್ರಿ ಎಂಬುದು ಕನ್ನಡವೋ ಅಲ್ಲವೋ, ಕೆಟ್ಟ ಸಾಮಾನು ಕೊಟ್ಟವರು ಕೈಕಟ್ಟಿ ನಿಲ್ಲಬೇಕೋ ಕೊಂಡವರೋ, ಎಲ್ಲ ಪ್ರಶ್ನೆಗೂ ಉತ್ತರ ಹೇಳಿಸಿದರು. ದೂರಿನ ನಂಬರನ್ನು ಎರಡು ಸಲ ಗಟ್ಟಿಯಾಗಿ ಓದಿಸಿದರು. "ಸಾರಿ ಸರ್, ಸಾರಿ ಸರ್" ಎನ್ನುತ್ತ ಹುಡುಗಿ ಅಂಕಿ ತಪ್ಪಿ ಮತ್ತೆ ಮೊದಲಿನಿಂದ ಓದಿದ್ದು ನನಗೆ ಕೇಳಿಸಿತು. ಒಪ್ಪಿಗೆ ದಾಖಲಾಯಿತು.

ಎಂಟು ದಿನಕ್ಕೆ ಹೊಸ ಕಾರ್ಡು ಬಂತು. ಹೂಲಿಯ ಮದುಮಗ ಹಸಿರು ಬಣ್ಣ ಕಳೆದುಕೊಂಡು ಮನುಷ್ಯನಾದ, ತಾಳಿ ಕಟ್ಟಿದ, ಹುಡುಗಿಯ ತಂದೆ ಫೋನು ಮಾಡುವುದನ್ನು ಬಿಟ್ಟರು. ನನ್ನ ಉತ್ತರ ಸರಿಯಾಗಿಯೇ ಉಳಿಯಿತು.

ಆದರೆ ಅಪ್ಪನಿಗೆ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡುತ್ತ, "ಆ ಹುಡಿಗಿ ಏನ ತಪ್ಪ ಮಾಡಿತ್ತೋ?" ಎಂದರು. ಮರುದಿನ, "ಯಾರ ಮಗಳೋ ಏನೋ" ಎಂದರು. ಮೂರನೆಯ ದಿನ ತಾವೇ ಫೋನು ಹಚ್ಚಿ ಕೂತರು. ಸಿಟ್ಟು ಇಳಿದಿತ್ತು, ದನಿಯೂ ಇಳಿದು ತನ್ನ ಜಾಗಕ್ಕೆ ಹೋಗಿತ್ತು. ಯಂತ್ರ ಎಂದಿನ ಸಮಾಧಾನದಲ್ಲಿ ಹೇಳಿತು: ದನಿ ಹೊಂದಿಕೆಯಾಗಲಿಲ್ಲ. ಎರಡು ಸಲ.

"ನೋಡೋ ಇದರ ನ್ಯಾಯಾನ" ಎಂದರು ಅಪ್ಪ. "ಬೈದಾಗ ಅಂವ ನಾನ ಅಂತ ಒಪ್ಪಿತು. ತಪ್ಪಾತು ಅನ್ನಾಕ ಬಂದ್ರ, ನೀ ಯಾಂವೋ ಅಂತೈತಿ."

ಆ ಯಂತ್ರಕ್ಕೆ ಅಪ್ಪನನ್ನು ಪರಿಚಯ ಮಾಡಿಸಿದವನು ನಾನೇ. ಅಪ್ಪ ಫೋನನ್ನು ನನ್ನ ಮುಂದೆ ಹಿಡಿದರು.

"ನೀ ಹೇಳು. ಅದಕ್ಕ ಗುರುತಿರೂ ದನ್ಯಾಗ. ಮಾತು ನಾ ಹೇಳಿಕೊಡ್ತೇನಿ."

ಹೊಟ್ಟೆಯಿಂದ ಎತ್ತಿದೆ. ಯಂತ್ರ ಬಾಗಿಲು ತೆಗೆಯಿತು. ಒಳಗೆ ಯಾರೋ ಬೇರೆ ಹುಡುಗಿ. ಅಪ್ಪ ನನ್ನ ಎಡಗಿವಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳುತ್ತ ಹೋದರು. ನಾನು ಬಲಗಿವಿಯ ಫೋನಿನಲ್ಲಿ, ಆ ಛಡಿಯ ದನಿಯಲ್ಲಿ, ಒಂದೊಂದೇ ಮಾತನ್ನು ಇಳಿಸಿದೆ: "ಅವತ್ತ ಮಾತಾಡಿದ ಹುಡಿಗಿಗಿ ಹೇಳ್ರಿ ಯವ್ವಾ. ನಾ ಸಿಟ್ಟಿನ ಭರದಾಗ ಬಾಳ ಜೋರ ಮಾಡಿದೆ. ತಪ್ಪಾತು. ಮನಸ್ಸಿಗಿ ಹಚ್ಚಿಕೋಬ್ಯಾಡ ಅನ್ರಿ." ಆ ದನಿ ಎಷ್ಟೋ ಹುಡುಗರ ಕಿವಿ ಹಿಂಡಿದೆ, ನನ್ನವನ್ನೂ ಸೇರಿಸಿ. ಅದರ ಬಾಯಲ್ಲಿ ಈ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಆ ಹುಡುಗಿ, ಖಂಡಿತ ತಿಳಿಸುತ್ತೇನೆ ಸರ್ ಎಂದಳು.

ಫೋನಿಟ್ಟೆ. ಅಪ್ಪ ಶೇಂಗಾ ಬುಟ್ಟಿ ಎಳೆದುಕೊಂಡರು. ಒಳಗಿನಿಂದ ಅವ್ವ ಕೂಗಿದಳು:

"ಏನ್ರಿ, ತಪ್ಪಾತು ಅಂದವರ‍್ಯಾರು? ನಿಮ್ಮ ದನಿ ಕೇಳಿದಂಗಾತಲ್ಲ!"

ನಾನು ಬಾಯಿ ತೆರೆದೆ. ಅಪ್ಪ ಕೈಸನ್ನೆಯಿಂದ ತಡೆದರು.

"ನಾನ ಅಂದ್ನಿ" ಎಂದರು, ಶೇಂಗಾ ಬುಟ್ಟಿ ದಾಟುವಷ್ಟೇ ದನಿಯಲ್ಲಿ.